ಕೋಡಿಂಗ್ ಸಂದರ್ಶನ

ಸಾಫ್ಟ್‌ವೇರ್ ಕೆಲಸಕ್ಕೆ ಅರ್ಜಿ ಹಾಕಿದವರಿಂದ ಸಂದರ್ಶಕರ ಎದುರಿನಲ್ಲೇ ಪ್ರೋಗ್ರಾಂ ಬರೆಸಿ ನೋಡುವ ಪರೀಕ್ಷೆಗೆ ಕೋಡಿಂಗ್ ಸಂದರ್ಶನ ಎಂದು ಹೆಸರು. ಅವಧಿ ಸಾಮಾನ್ಯವಾಗಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಕೊಡುವುದು ಒಂದೋ ಎರಡೋ ಸಮಸ್ಯೆ. ಬರೆಯಲು ವೈಟ್‌ಬೋರ್ಡ್, ಕಾಗದ ಅಥವಾ ಇಬ್ಬರಿಗೂ ಕಾಣುವ ಆನ್‌ಲೈನ್ ಎಡಿಟರ್. ಕ್ಯಾಂಪಸ್ ನೇಮಕಾತಿಗಳಲ್ಲಿ ಇದಕ್ಕೂ ಮೊದಲು ಯಂತ್ರವೇ ಅಂಕ ಹಾಕುವ ಆನ್‌ಲೈನ್ ಸುತ್ತೊಂದು ಇರುವುದು ವಾಡಿಕೆ. ಅರೇ, ಸ್ಟ್ರಿಂಗ್, ಲಿಂಕ್ಡ್ ಲಿಸ್ಟ್, ಟ್ರೀ, ಗ್ರಾಫ್, ರಿಕರ್ಶನ್, ಡೈನಾಮಿಕ್ ಪ್ರೋಗ್ರಾಮಿಂಗ್ ಇವು ಪದೇ ಪದೇ ಬರುವ ವಿಷಯಗಳು. ವಿದ್ಯಾರ್ಥಿಗಳ ಬಾಯಲ್ಲಿ ಇವೆಲ್ಲ ಸೇರಿ ಡೇಟಾ ಸ್ಟ್ರಕ್ಚರ್ಸ್ ಅಂಡ್ ಆಲ್ಗರಿದಮ್ಸ್, ಚುಟುಕಾಗಿ ‘ಡಿಎಸ್‌ಎ’. ಈ ಪರೀಕ್ಷೆಯಲ್ಲಿ ಚೆನ್ನಾಗಿ ಮಾಡುವುದು ಹೇಗೆ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದು ಸಂಖ್ಯೆ: ಮುನ್ನೂರು ಸಮಸ್ಯೆ ಮಾಡಿ, ಐನೂರು ಮಾಡಿ. ಆ ಉತ್ತರ ಪೂರ್ತಿ ಸುಳ್ಳಲ್ಲವಾದರೂ ದಾರಿ ತಪ್ಪಿಸುತ್ತದೆ. ಎಷ್ಟು ಸಮಸ್ಯೆಗಳ ಪರಿಹಾರ ಗೊತ್ತಿದೆ ಎಂಬುದಕ್ಕಿಂತ, ಗೊತ್ತಿಲ್ಲದ ಸಮಸ್ಯೆಯ ಮುಂದೆ ಕುಳಿತಾಗ ಅಭ್ಯರ್ಥಿಯ ಯೋಚನೆ ಎದುರಿನವರಿಗೆ ಎಷ್ಟು ಕಾಣಿಸುತ್ತದೆ ಎಂಬುದೇ ಇಲ್ಲಿ ಹೆಚ್ಚು ತೂಗುತ್ತದೆ. ಯೋಚನೆಯನ್ನು ಕಾಣಿಸುವುದು ಕಲಿತು ಬರುವ ಕೌಶಲ. ತಯಾರಿಯ ದೊಡ್ಡ ಪಾಲು ಅದಕ್ಕೇ ಸಲ್ಲಬೇಕು.

ಕೆಲಸ ಕೇಳಿಕೊಂಡು ಬಂದವರಿಗೆ ಪ್ರಶ್ನೆಗಳ ಮಳೆ ಸುರಿಸುವ ರೂಢಿ ಕಂಪ್ಯೂಟರಿಗಿಂತ ಹಳೆಯದು. ಥಾಮಸ್ ಎಡಿಸನ್ ತನ್ನಲ್ಲಿಗೆ ಬರುವ ಪದವೀಧರರಿಗೆ ನೂರಕ್ಕೂ ಹೆಚ್ಚು ಪ್ರಶ್ನೆಗಳ ಪರೀಕ್ಷೆ ಕೊಡುತ್ತಿದ್ದ. 1921ರಲ್ಲಿ ಆ ಪ್ರಶ್ನೆಗಳು ಪತ್ರಿಕೆಗಳಲ್ಲಿ ಹೊರಬಿದ್ದು ಅಮೆರಿಕದಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಸಾಫ್ಟ್‌ವೇರ್ ಲೋಕದಲ್ಲಿ ಒಗಟುಗಳನ್ನು ಜನಪ್ರಿಯ ಮಾಡಿದ್ದು ಮೈಕ್ರೋಸಾಫ್ಟ್. ಮ್ಯಾನ್‌ಹೋಲ್ ಮುಚ್ಚಳ ಏಕೆ ದುಂಡಗಿರುತ್ತದೆ ಎಂಬಂಥ ಅದರ ಪ್ರಶ್ನೆಗಳ ಸುತ್ತಲೇ ವಿಲಿಯಂ ಪೌಂಡ್‌ಸ್ಟೋನ್ 2003ರಲ್ಲಿ ಒಂದು ಪುಸ್ತಕ ಬರೆದ. ಗೂಗಲ್ ಕೂಡ ಕೆಲಕಾಲ ಅದೇ ಹಾದಿ ಹಿಡಿದಿತ್ತು. ಆದರೆ ಅದರ ಮಾನವ ಸಂಪನ್ಮೂಲ ಮುಖ್ಯಸ್ಥರಾಗಿದ್ದ ಲಾಸ್ಲೋ ಬಾಕ್ 2013ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಮಾತನಾಡುತ್ತ, ಇಂಥ ಒಗಟುಗಳಿಂದ ಏನೂ ತಿಳಿಯುವುದಿಲ್ಲ, ಅವು ಬರೀ ಸಮಯ ಹಾಳು ಎಂದು ತೆರೆದ ಮಾತಿನಲ್ಲೇ ಒಪ್ಪಿಕೊಂಡರು. ಒಗಟು ಹೋದ ಜಾಗವನ್ನು ಕೋಡ್ ತುಂಬಿತು. 2007ರಲ್ಲಿ ಇಮ್ರಾನ್ ಘೋರಿ ಎಂಬ ಪ್ರೋಗ್ರಾಮರ್ ಫಿಜ್‌ಬಜ್ ಎಂಬ ಸಣ್ಣ ಲೆಕ್ಕವನ್ನು ಮುಂದಿಟ್ಟ: 1ರಿಂದ 100ರವರೆಗೆ ಸಂಖ್ಯೆಗಳನ್ನು ಅಚ್ಚು ಮಾಡಬೇಕು, 3ರಿಂದ ಭಾಗವಾದರೆ ‘ಫಿಜ್’, 5ರಿಂದ ಭಾಗವಾದರೆ ‘ಬಜ್’, ಎರಡರಿಂದಲೂ ಆದರೆ ‘ಫಿಜ್‌ಬಜ್’. ಪದವಿ ಕೈಯಲ್ಲಿದ್ದೂ ಇದನ್ನು ಬರೆಯಲಾಗದವರು ಬಹಳ ಮಂದಿ ಇದ್ದಾರೆ ಎಂಬ ಮಾತು ಜೆಫ್ ಆಟ್‌ವುಡ್ ಅವರ ಬರಹದ ಮೂಲಕ ಎಲ್ಲೆಡೆ ಹರಡಿತು. ಇದರಲ್ಲೂ ಒಂದು ಸಣ್ಣ ಗುಂಡಿ ಇದೆ. 3ರ ಪರೀಕ್ಷೆಯನ್ನು ಮೊದಲಿಟ್ಟು ಉಳಿದವನ್ನು ‘ಎಲ್ಸ್ ಇಫ್’ ಕೆಳಗೆ ತಂದರೆ 15 ಬಂದಾಗ ಬರೀ ‘ಫಿಜ್’ ಎಂದು ಬೀಳುತ್ತದೆ. ಬರೆದದ್ದನ್ನು 15 ಇಟ್ಟು ಒಮ್ಮೆ ಓಡಿಸಿ ನೋಡಿದವರಿಗೆ ಮಾತ್ರ ಅದು ಕಣ್ಣಿಗೆ ಬೀಳುತ್ತದೆ.

ತಯಾರಿಯೂ ಒಂದು ಉದ್ಯಮವಾಗಿ ಬೆಳೆಯಿತು. ಗೂಗಲ್‌ನಲ್ಲಿ ಎಂಜಿನಿಯರ್ ಆಗಿದ್ದ ಗೇಲ್ ಲಾಕ್‌ಮನ್ ಮೆಕ್‌ಡೊವೆಲ್ ಅವರ ‘ಕ್ರ್ಯಾಕಿಂಗ್ ದ ಕೋಡಿಂಗ್ ಇಂಟರ್‌ವ್ಯೂ’ 2008ರಲ್ಲಿ ಬಂತು. 189 ಸಮಸ್ಯೆಗಳ ಅದರ ಆರನೆಯ ಆವೃತ್ತಿ 2015ರದು. ಲೀಟ್‌ಕೋಡ್ ತಾಣ ಈ ಅಭ್ಯಾಸವನ್ನು ದಿನಚರಿಯಾಗಿಸಿತು. ಭಾರತದ ಪಾಲೂ ಇದರಲ್ಲಿ ಚಿಕ್ಕದಲ್ಲ: ಇಂಥ ತಾಣಗಳಲ್ಲಿ ಕೋಡ್‌ಶೆಫ್ ಶುರುವಾದದ್ದು 2009ರಲ್ಲಿ, ಹ್ಯಾಕರ್‌ರ‍್ಯಾಂಕ್ ಮತ್ತು ಬೆಂಗಳೂರಿನಲ್ಲಿ ಬೆಳೆದ ಹ್ಯಾಕರ್‌ಅರ್ತ್ ಎರಡೂ 2012ರಲ್ಲಿ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದಂದಿನಿಂದ ಒಂದೊಂದಾಗಿ ನೆಲೆಯೂರಿದ ವಿದೇಶಿ ಕಂಪನಿಗಳು ತಮ್ಮ ನೇಮಕಾತಿಯ ಪದ್ಧತಿಗಳನ್ನೂ ಜೊತೆಗೆ ತಂದವು. ಇಂದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ವ್ಯಾಪ್ತಿಯ ಕಾಲೇಜುಗಳಲ್ಲಿ ಕಂಪ್ಯೂಟರ್ ವಿಭಾಗದ ಕೊನೆಯ ಎರಡು ವರ್ಷಗಳಲ್ಲಿ ಪಠ್ಯದ ಪಕ್ಕದಲ್ಲೇ ‘ಶೀಟ್ ಮುಗಿಸುವುದು’ ಎಂಬ ಇನ್ನೊಂದು ಪಠ್ಯ ನಡೆಯುತ್ತಿರುತ್ತದೆ. ಶೀಟ್ ಎಂದರೆ ಮಾಡಲೇಬೇಕಾದ ಸಮಸ್ಯೆಗಳ ಪಟ್ಟಿ.

ಸಂದರ್ಶಕರು ನಿಜವಾಗಿ ಏನು ನೋಡುತ್ತಾರೆ ಎಂಬುದಕ್ಕೆ ಅವರು ಏನು ಬರೆಯಬೇಕಾಗುತ್ತದೆ ಎಂಬುದೇ ಒಳ್ಳೆಯ ಸಾಕ್ಷ್ಯ. ದೊಡ್ಡ ಕಂಪನಿಗಳಲ್ಲಿ ಸಂದರ್ಶನ ಮುಗಿದ ಮೇಲೆ ಬರಹದಲ್ಲಿ ವರದಿ ಕೊಡಬೇಕು: ಸಮಸ್ಯೆಯನ್ನು ಹೇಗೆ ಬಿಡಿಸಿದರು, ಕೋಡ್ ಎಷ್ಟು ಸ್ವಚ್ಛವಾಗಿತ್ತು, ತಮ್ಮ ತಪ್ಪನ್ನು ತಾವೇ ಹಿಡಿದರೇ, ಮಾತು ಸ್ಪಷ್ಟವಿತ್ತೇ. ಗೂಗಲ್‌ನ ಪದ್ಧತಿಯಲ್ಲಿ ಆ ವರದಿಗಳನ್ನು ಓದಿ ತೂಗುವ ನೇಮಕಾತಿ ಸಮಿತಿಯವರು ಅಭ್ಯರ್ಥಿಯ ಮುಖವನ್ನೇ ಕಂಡಿರುವುದಿಲ್ಲ. ಅಂದಮೇಲೆ ಬಾಯಿ ಬಿಟ್ಟು ಹೇಳದ ಯೋಚನೆ ಸಂದರ್ಶಕರ ಟಿಪ್ಪಣಿಗೆ ಇಳಿಯುವುದಿಲ್ಲ, ಟಿಪ್ಪಣಿಯಲ್ಲಿ ಇಲ್ಲದ್ದು ಸಮಿತಿಯ ಪಾಲಿಗೆ ನಡೆದೇ ಇಲ್ಲ. ಮೂವತ್ತು ನಿಮಿಷ ಮೌನವಾಗಿದ್ದು ಕೊನೆಗೆ ಸರಿಯಾದ ಕೋಡ್ ಬರೆದವರ ಬಗ್ಗೆ ‘ಪರಿಹಾರ ಮೊದಲೇ ಗೊತ್ತಿತ್ತೇನೋ’ ಎಂಬ ಅನುಮಾನದ ಸಾಲು ಬೀಳಬಹುದು. ಪೂರ್ತಿ ಮುಗಿಸಲಾಗದಿದ್ದರೂ ಹೆಜ್ಜೆ ಹೆಜ್ಜೆಗೂ ಕಾರಣ ಹೇಳುತ್ತ ಹೋದವರ ಬಗ್ಗೆ ಬರೆಯಲು ಸಂದರ್ಶಕರ ಕೈಯಲ್ಲಿ ಒಂದು ಪುಟದಷ್ಟು ಸಾಮಗ್ರಿ ಇರುತ್ತದೆ.

ಯೋಚನೆ ಕಾಣಿಸುವುದು ಎಂದರೇನೆಂದು ತಿಳಿಯಲು ಎಲ್ಲರಿಗೂ ಪರಿಚಿತವಾದ ಒಂದು ಸಮಸ್ಯೆಯನ್ನೇ ಹತ್ತಿರದಿಂದ ನೋಡಬಹುದು. ಲೀಟ್‌ಕೋಡ್‌ನ ಪಟ್ಟಿಯಲ್ಲಿ ಒಂದನೆಯ ಸಂಖ್ಯೆಯ ಸಮಸ್ಯೆ ಅದು: ಸಂಖ್ಯೆಗಳ ಒಂದು ಪಟ್ಟಿ ಮತ್ತು ಒಂದು ಗುರಿ ಕೊಟ್ಟಿದ್ದಾರೆ; ಕೂಡಿದರೆ ಗುರಿಗೆ ಸಮವಾಗುವ ಎರಡು ಸಂಖ್ಯೆಗಳು ಯಾವ ಸ್ಥಾನಗಳಲ್ಲಿವೆ ಎಂದು ಹೇಳಬೇಕು. ಪಟ್ಟಿ 4, 9, 1, 7. ಗುರಿ 8 ಎನ್ನೋಣ. ನುರಿತವರು ತಕ್ಷಣ ಬರೆಯಲು ಹೊರಡುವುದಿಲ್ಲ. ಋಣ ಸಂಖ್ಯೆಗಳು ಇರಬಹುದೇ? ಒಂದೇ ಸಂಖ್ಯೆ ಎರಡು ಸಲ ಬರಬಹುದೇ? ಉತ್ತರ ಇಲ್ಲದಿದ್ದರೆ ಏನು ಹಿಂತಿರುಗಿಸಬೇಕು? ಈ ಮೂರು ಪ್ರಶ್ನೆಗಳಿಗೆ ಅರ್ಧ ನಿಮಿಷ ಸಾಕು, ಆದರೆ ಸಮಸ್ಯೆಯ ಎಲ್ಲೆ ಗೊತ್ತಾಗುವುದು ಅವುಗಳಿಂದಲೇ. ಆಮೇಲೆ ಅತಿ ಸರಳವಾದ ದಾರಿಯನ್ನು ಬಾಯಲ್ಲಿ ಹೇಳಬೇಕು: ಪ್ರತಿಯೊಂದು ಜೋಡಿಯನ್ನೂ ಕೂಡಿ ನೋಡುವುದು. ಹತ್ತು ಸಾವಿರ ಸಂಖ್ಯೆಗಳಿದ್ದರೆ ಜೋಡಿಗಳು 4,99,95,000, ಅಂದರೆ ಹತ್ತಿರ ಹತ್ತಿರ ಐದು ಕೋಟಿ. ಈ ಮೊತ್ತವನ್ನು ಹೇಳಿದ ಕೂಡಲೇ ಸುಧಾರಣೆಯ ದಾರಿ ತಾನಾಗಿ ತೆರೆದುಕೊಳ್ಳುತ್ತದೆ. 9 ಎದುರಾದಾಗ ಬೇಕಾದದ್ದು 8ರಿಂದ 9 ಕಳೆದರೆ ಉಳಿಯುವ ಋಣ 1. ಅದು ಈ ಮೊದಲು ಬಂದಿತ್ತೇ ಎಂದು ಹುಡುಕುವುದಷ್ಟೇ ಕೆಲಸ. ಬಂದದ್ದನ್ನೆಲ್ಲ, ಹುಡುಕಿದ್ದನ್ನು ಹೆಚ್ಚುಕಡಿಮೆ ಒಂದೇ ಹೆಜ್ಜೆಯಲ್ಲಿ ಕೊಡುವ ಹ್ಯಾಶ್ ಮ್ಯಾಪ್‌ನಲ್ಲಿ ಇಟ್ಟುಕೊಂಡರೆ ಹತ್ತು ಸಾವಿರ ಹೆಜ್ಜೆಯ ಆಸುಪಾಸಿನಲ್ಲಿ ಕೆಲಸ ಮುಗಿಯುತ್ತದೆ. ಅದಕ್ಕೆ ತೆರುವ ಬೆಲೆ ಹೆಚ್ಚುವರಿ ಮೆಮೊರಿ. ಇಲ್ಲೂ ಒಂದು ಬಲೆ ಇದೆ. ಮೊದಲು ಮ್ಯಾಪ್‌ಗೆ ಹಾಕಿ ಆಮೇಲೆ ಹುಡುಕಿದರೆ, ಮೊದಲ ಸಂಖ್ಯೆ 4 ತನಗೆ ಬೇಕಾದ 4 ಅನ್ನು ಹುಡುಕಿ ತನ್ನನ್ನೇ ಕಂಡುಕೊಳ್ಳುತ್ತದೆ, ತಪ್ಪು ಉತ್ತರ ಬರುತ್ತದೆ. ಮೊದಲು ಹುಡುಕು, ಆಮೇಲೆ ಹಾಕು ಎಂಬ ಕ್ರಮವೇ ಇಲ್ಲಿ ಸರಿ. ಈ ಕ್ರಮ ಏಕೆ ಎಂದು ಹೇಳಬಲ್ಲವರಿಗೂ ಬರೀ ನೆನಪಿನಿಂದ ಅದೇ ಸಾಲುಗಳನ್ನು ಬರೆದವರಿಗೂ ಇರುವ ವ್ಯತ್ಯಾಸ ಮುಂದಿನ ಪ್ರಶ್ನೆಯಲ್ಲಿ ಬಯಲಾಗುತ್ತದೆ.

ಸಮಸ್ಯೆಯ ಹೇಳಿಕೆಯಲ್ಲೇ ಅಡಗಿರುವ ಸೂಚನೆಗಳನ್ನು ಓದುವುದು ಇದರದೇ ಇನ್ನೊಂದು ಮುಖ. ಸಾಧಾರಣ ಕಂಪ್ಯೂಟರ್ ಒಂದು ಸೆಕೆಂಡಿಗೆ ಸುಮಾರು ಹತ್ತು ಕೋಟಿ ಸರಳ ಹೆಜ್ಜೆಗಳನ್ನು ನಡೆಸುತ್ತದೆ ಎಂದು ಪ್ರೋಗ್ರಾಮಿಂಗ್ ಸ್ಪರ್ಧೆಗಳಲ್ಲಿ ಕೈಲೆಕ್ಕ ಹಿಡಿಯುತ್ತಾರೆ. ಪಟ್ಟಿಯಲ್ಲಿ ಇಪ್ಪತ್ತೇ ವಸ್ತುಗಳಿದ್ದರೆ ಎಲ್ಲ ಉಪಗಣಗಳನ್ನೂ ತಡಕಾಡಬಹುದು, ಅವು 10,48,576 ಮಾತ್ರ. ಸಾವಿರ ವಸ್ತುಗಳಿದ್ದರೆ ಎಲ್ಲ ಜೋಡಿಗಳನ್ನು ನೋಡಿದರೂ ತೊಂದರೆಯಿಲ್ಲ. ಒಂದು ಲಕ್ಷ ಇದ್ದರೆ ಮಾತ್ರ ಒಂದರೊಳಗೊಂದು ಲೂಪ್ ಸಾವಿರ ಕೋಟಿ ಹೆಜ್ಜೆಯಾಗುತ್ತದೆ. ಅಲ್ಲಿ ಸಾರ್ಟ್ ಮಾಡಿ ಬಿಡಿಸುವ ದಾರಿ ಹಿಡಿದರೆ ಸುಮಾರು ಹದಿನೇಳು ಲಕ್ಷಕ್ಕೆ ಇಳಿಯುತ್ತದೆ. ಹೀಗೆ ಗಾತ್ರ ನೋಡಿ ದಾರಿ ಊಹಿಸುವುದು ಅಡ್ಡದಾರಿಯಲ್ಲ, ಎಂಜಿನಿಯರಿಂಗ್‌ನ ಮೊದಲ ಪಾಠ. ಸೇತುವೆ ಕಟ್ಟುವವರು ಮೊದಲು ಭಾರ ಕೇಳುವ ಹಾಗೆ.

ಸರಿಯಾದ ದಾರಿ ಗೊತ್ತಿದ್ದ ಮಾತ್ರಕ್ಕೆ ಸರಿಯಾದ ಕೋಡ್ ಬರುವುದಿಲ್ಲ ಎಂಬುದಕ್ಕೆ ಬೈನರಿ ಸರ್ಚ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಅನುಕ್ರಮದಲ್ಲಿರುವ ಪಟ್ಟಿಯ ನಡುವಿನ ಸಂಖ್ಯೆ ನೋಡುವುದು, ಬೇಕಾದದ್ದು ಎಡಕ್ಕೋ ಬಲಕ್ಕೋ ಎಂದು ತಿಳಿದು ಅರ್ಧ ಪಟ್ಟಿಯನ್ನು ಕೈಬಿಡುವುದು, ಇಷ್ಟೇ ವಿಧಾನ. ಜಾನ್ ಬೆಂಟ್ಲಿ ತನ್ನ ‘ಪ್ರೋಗ್ರಾಮಿಂಗ್ ಪರ್ಲ್ಸ್’ ಪುಸ್ತಕದಲ್ಲಿ ಹೇಳುವಂತೆ, ವೃತ್ತಿಪರ ಪ್ರೋಗ್ರಾಮರುಗಳಿಗೆ ಬೇಕಾದಷ್ಟು ಸಮಯ ಕೊಟ್ಟು ಇದನ್ನು ಬರೆಸಿದಾಗ ಸುಮಾರು ಶೇ 10 ಮಂದಿಯದು ಮಾತ್ರ ಸರಿಯಾಗಿತ್ತು. ಡೊನಾಲ್ಡ್ ಕ್ನೂತ್ ಗುರುತಿಸಿದಂತೆ, ಮೊದಲ ಬೈನರಿ ಸರ್ಚ್ ಪ್ರಕಟವಾದದ್ದು 1946ರಲ್ಲಿ, ತಪ್ಪಿಲ್ಲದ್ದು ಬಂದದ್ದು 1962ರಲ್ಲಿ. ಕಥೆ ಅಲ್ಲಿಗೇ ನಿಲ್ಲಲಿಲ್ಲ. 2006ರಲ್ಲಿ ಜಾಶುವಾ ಬ್ಲಾಕ್, ತಾವೇ ಜಾವಾ ಭಾಷೆಗಾಗಿ ಬರೆದಿದ್ದ ಬೈನರಿ ಸರ್ಚ್‌ನಲ್ಲಿ ಸುಮಾರು ಒಂಬತ್ತು ವರ್ಷ ಯಾರಿಗೂ ಕಾಣದೆ ಕೂತಿದ್ದ ತಪ್ಪನ್ನು ಜಗತ್ತಿಗೆ ತಿಳಿಸಿದರು. ಬೆಂಟ್ಲಿಯ ಪುಸ್ತಕದ ಕೋಡ್‌ನಲ್ಲೂ ಅದೇ ತಪ್ಪಿತ್ತು. ನಡುವಿನ ಸ್ಥಾನ ಪಡೆಯಲು ಎಡ ತುದಿ, ಬಲ ತುದಿ ಎರಡನ್ನೂ ಕೂಡಿ 2ರಿಂದ ಭಾಗಿಸುತ್ತಿದ್ದರು. ಪಟ್ಟಿ ನೂರು ಕೋಟಿ ದಾಟುವಷ್ಟು ದೊಡ್ಡದಾದರೆ ಆ ಮೊತ್ತ 32 ಬಿಟ್‌ಗಳಲ್ಲಿ ಹಿಡಿಸುವ 2,14,74,83,647 ಎಂಬ ಮಿತಿಯನ್ನು ಮೀರಿ ಋಣ ಸಂಖ್ಯೆಯಾಗಿ ತಿರುಗುತ್ತದೆ. ಬಲದಿಂದ ಎಡವನ್ನು ಕಳೆದು, ಅರ್ಧ ಮಾಡಿ, ಎಡಕ್ಕೆ ಕೂಡಿದರೆ ತೊಂದರೆ ಇಲ್ಲ. ಇಂಥ ಪರಿಣತರೇ ಎಡವಿದ ಜಾಗದಲ್ಲಿ ಹೊಸಬರು ಎಡವುವುದು ಅವಮಾನದ ಸಂಗತಿಯಲ್ಲ. ಆದರೆ ಬರೆದ ಮೇಲೆ ಖಾಲಿ ಪಟ್ಟಿ, ಒಂದೇ ಸಂಖ್ಯೆಯ ಪಟ್ಟಿ, ಎರಡು ಸಂಖ್ಯೆಯ ಪಟ್ಟಿ ಇವನ್ನು ಇಟ್ಟು ಸಾಲು ಸಾಲಾಗಿ ಕೈಯಲ್ಲೇ ಡ್ರೈ ರನ್ ಮಾಡದೆ ‘ಮುಗಿಯಿತು’ ಎನ್ನುವುದು ತಪ್ಪು. ಪೆನ್ನು ಕೆಳಗಿಟ್ಟು ತನ್ನ ಕೋಡನ್ನೇ ಅನುಮಾನದಿಂದ ಓದುವ ಆ ಐದು ನಿಮಿಷಕ್ಕೆ ಸಂದರ್ಶಕರು ಕೊಡುವ ಬೆಲೆ ಬಹಳ ಅಭ್ಯರ್ಥಿಗಳಿಗೆ ತಿಳಿದೇ ಇರುವುದಿಲ್ಲ.

ಇಲ್ಲಿ ಒಂದು ಬಲವಾದ ಆಕ್ಷೇಪವನ್ನು ಎದುರಿಸಬೇಕು. ಪರಿಹಾರಗಳನ್ನು ಉರು ಹೊಡೆದೇ ಕೆಲಸ ಗಿಟ್ಟಿಸಿದವರು ಬೇಕಾದಷ್ಟು ಜನ ಇದ್ದಾರಲ್ಲ? ಇದ್ದಾರೆ. ಪ್ರಶ್ನೆಗಳು ಮರುಕಳಿಸುತ್ತವೆ, ಯಂತ್ರ ಅಂಕ ಹಾಕುವ ಸುತ್ತಿನಲ್ಲಿ ಕಾರಣ ಕೇಳುವವರೇ ಇರುವುದಿಲ್ಲ. ಆದರೂ ಉರು ಹೊಡೆದದ್ದು ಕೈಹಿಡಿಯುವುದು ಪ್ರಶ್ನೆ ಅಲುಗಾಡದೆ ನಿಂತಿರುವವರೆಗೆ ಮಾತ್ರ. ಮೇಲಿನ ಸಮಸ್ಯೆಯನ್ನೇ ‘ಪಟ್ಟಿ ಅನುಕ್ರಮದಲ್ಲಿದೆ, ಹೆಚ್ಚುವರಿ ಮೆಮೊರಿ ಬಳಸುವಂತಿಲ್ಲ’ ಎಂದು ತಿರುಗಿಸಿದರೆ ಹ್ಯಾಶ್ ಮ್ಯಾಪ್ ಕೆಲಸಕ್ಕೆ ಬಾರದು, ಎರಡು ತುದಿಗಳಿಂದ ಒಳಕ್ಕೆ ಸರಿಯುವ ದಾರಿ ಬೇಕು. ನೆನಪಿಗೂ ತಿಳಿವಿಗೂ ಇರುವ ಸಂಬಂಧವನ್ನು ಮನೋವಿಜ್ಞಾನ ಚೆನ್ನಾಗಿ ಪರೀಕ್ಷಿಸಿದೆ. 1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಚೆಸ್ ಆಟಗಾರರಿಗೆ ನಿಜವಾದ ಆಟದ ನಡುವಿನ ಒಂದು ಸ್ಥಿತಿಯನ್ನು ಐದು ಸೆಕೆಂಡು ತೋರಿಸಿ ಮರುಜೋಡಿಸಲು ಹೇಳಿದರು. ಮಾಸ್ಟರ್ ಆಟಗಾರ ಹದಿನಾರರಷ್ಟು ಕಾಯಿಗಳನ್ನು ಸರಿಯಾಗಿ ಇಟ್ಟ, ಹೊಸಬ ನಾಲ್ಕರಷ್ಟನ್ನು. ಅದೇ ಕಾಯಿಗಳನ್ನು ಅಡ್ಡಾದಿಡ್ಡಿ ಹರಡಿ ತೋರಿಸಿದಾಗ ಆ ಅಂತರವೇ ಉಳಿಯಲಿಲ್ಲ. ಮಾಸ್ಟರ್‌ನ ನೆನಪು ದೊಡ್ಡದಾಗಿರಲಿಲ್ಲ, ಅವನಿಗೆ ಅರ್ಥವುಳ್ಳ ಗುಂಪುಗಳು ಕಾಣುತ್ತಿದ್ದವು. 1981ರಲ್ಲಿ ಮಿಶೆಲೀನ್ ಚಿ ಮತ್ತು ಸಂಗಡಿಗರು ಭೌತಶಾಸ್ತ್ರದ ಲೆಕ್ಕಗಳನ್ನು ಗುಂಪು ಮಾಡಿಸಿ ನೋಡಿದಾಗ, ಕಲಿಯುವವರು ‘ಇದರಲ್ಲಿ ಇಳಿಜಾರು ಇದೆ’ ಎಂದು ಮೇಲ್ನೋಟದ ಮೇಲೆ ವಿಂಗಡಿಸಿದರು, ಬಲ್ಲವರು ‘ಇದು ಶಕ್ತಿ ಸಂರಕ್ಷಣೆಯ ಲೆಕ್ಕ’ ಎಂದು ಒಳತತ್ತ್ವದ ಮೇಲೆ. ಕೋಡಿಂಗ್‌ನಲ್ಲೂ ಹಾಗೆಯೇ. ಒಬ್ಬರಿಂದ ಒಬ್ಬರಿಗೆ ಹಬ್ಬುವ ಸೋಂಕು, ಚಕ್ರವ್ಯೂಹದಿಂದ ಹೊರಬರುವ ಅತಿ ಹತ್ತಿರದ ದಾರಿ, ಒಂದೊಂದೇ ಅಕ್ಷರ ಬದಲಿಸುತ್ತ ಒಂದು ಪದದಿಂದ ಇನ್ನೊಂದಕ್ಕೆ ಹೋಗುವ ಆಟ ಈ ಮೂರೂ ಮೇಲ್ನೋಟಕ್ಕೆ ಬೇರೆ ಬೇರೆ. ಒಳಗೆ ಮೂರೂ ಗ್ರಾಫ್ ಮೇಲೆ ಪದರ ಪದರವಾಗಿ ಹರಡುವ ಒಂದೇ ಹುಡುಕಾಟ. ಸಮಸ್ಯೆಗಳನ್ನು ಮಾಡುವುದರ ಉದ್ದೇಶ ಈ ಒಳಗಿನ ಹೋಲಿಕೆ ಕಾಣುವ ಕಣ್ಣು ಬರಲಿ ಎಂಬುದು. ಆ ಕಣ್ಣು ಬಂದವರಿಗೆ ನೂರೈವತ್ತು ಸಮಸ್ಯೆ ಸಾಕು, ಬಾರದವರಿಗೆ ಐನೂರೂ ಕಡಿಮೆ.

ಅಭ್ಯಾಸದ ಕ್ರಮವೂ ಇದೇ ತತ್ತ್ವವನ್ನು ಅನುಸರಿಸಬೇಕು. ಹೆಚ್ಚಿನ ಶೀಟ್‌ಗಳು ವಿಷಯವಾರು ಇರುತ್ತವೆ: ಒಂದು ವಾರ ಅರೇ, ಒಂದು ವಾರ ಟ್ರೀ. ಹಾಗೆ ಮಾಡುವಾಗ ಎಲ್ಲ ಸಲೀಸು ಎನಿಸುತ್ತದೆ, ಏಕೆಂದರೆ ಯಾವ ಆಯುಧ ಬೇಕೆಂಬುದನ್ನು ಅಧ್ಯಾಯದ ತಲೆಬರಹವೇ ಹೇಳಿಬಿಟ್ಟಿರುತ್ತದೆ. ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ 2007ರಲ್ಲಿ ಪ್ರಕಟಿಸಿದ ಗಣಿತದ ಪ್ರಯೋಗದಲ್ಲಿ ಒಂದೇ ಬಗೆಯ ಲೆಕ್ಕಗಳನ್ನು ಸಾಲಾಗಿ ಮಾಡಿದವರು ಅಭ್ಯಾಸದ ಹೊತ್ತಿಗೆ ಶೇ 89 ಸರಿ ಮಾಡಿದರು, ಕಲಸಿ ಮಾಡಿದವರು ಶೇ 60. ಒಂದು ವಾರದ ನಂತರದ ಪರೀಕ್ಷೆಯಲ್ಲಿ ಮೊದಲ ಗುಂಪು ಶೇ 20ಕ್ಕೆ ಕುಸಿಯಿತು, ಎರಡನೆಯದು ಶೇ 63ರಲ್ಲಿ ನಿಂತಿತು. ಸಂದರ್ಶನದಲ್ಲಿ ಅಧ್ಯಾಯದ ತಲೆಬರಹ ಇರುವುದಿಲ್ಲ. ಆದ್ದರಿಂದ ವಿಷಯದ ಮೊದಲ ಪರಿಚಯವಾದ ಮೇಲೆ ಸಮಸ್ಯೆಗಳನ್ನು ಕಲಸಿಯೇ ಮಾಡಬೇಕು. ಅರ್ಧ ಗಂಟೆ ಒದ್ದಾಡಿದ ಮೇಲಷ್ಟೇ ಪರಿಹಾರ ನೋಡಬೇಕು. ನೋಡಿದ್ದನ್ನು ಮುಚ್ಚಿಟ್ಟು ಮತ್ತೆ ಬರೆಯಬೇಕು. ಮೂರು ದಿನ, ಎರಡು ವಾರ ಬಿಟ್ಟು ಇನ್ನೊಮ್ಮೆ. ‘ನನಗೆ ಎಲ್ಲಿ ತಪ್ಪಿತು, ಯಾವ ಸೂಚನೆ ಕಾಣಲಿಲ್ಲ’ ಎಂದು ಪ್ರತಿ ಸಮಸ್ಯೆಗೂ ಒಂದು ಸಾಲು ಬರೆದಿಡುವ ನೋಟ್‌ಬುಕ್ಕು, ಬಿಡಿಸಿದ ಸಮಸ್ಯೆಗಳ ಎಣಿಕೆಗಿಂತ ಹೆಚ್ಚು ಉಪಕಾರಿ.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದದ್ದು: ಯಾರೋ ನೋಡುತ್ತಿರುವಾಗ ಯೋಚಿಸುವುದೂ ಮಾತಾಡುವುದೂ ಒಟ್ಟಿಗೆ ಆಗುವುದಿಲ್ಲ, ಹಾಗಿದ್ದಮೇಲೆ ಇದು ಧೈರ್ಯದ ಪರೀಕ್ಷೆಯಾಯಿತೇ ಹೊರತು ಪ್ರೋಗ್ರಾಮಿಂಗಿನದಲ್ಲ ಎಂಬುದು. ಇದಕ್ಕೆ ಆಧಾರವೂ ಇದೆ. ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯ ಮತ್ತು ಮೈಕ್ರೋಸಾಫ್ಟ್‌ನ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 48 ಮಂದಿಯನ್ನು ಎರಡು ಗುಂಪು ಮಾಡಿ ಒಂದೇ ಬಗೆಯ ಸಮಸ್ಯೆ ಕೊಟ್ಟರು. ಒಂದು ಗುಂಪು ಸಂದರ್ಶಕರ ಎದುರು ಮಾತಾಡುತ್ತ ವೈಟ್‌ಬೋರ್ಡ್ ಮೇಲೆ ಬಿಡಿಸಬೇಕು, ಇನ್ನೊಂದು ಗುಂಪು ಕೋಣೆಯಲ್ಲಿ ಒಂಟಿಯಾಗಿ. ನೋಡುವವರಿದ್ದ ಗುಂಪಿನ ಸಾಧನೆ ಅರ್ಧಕ್ಕಿಂತ ಕೆಳಗಿಳಿಯಿತು. ಎದುರಿಗೆ ಜನರಿದ್ದ ಗುಂಪಿನ ಹೆಣ್ಣುಮಕ್ಕಳಲ್ಲಿ ಒಬ್ಬರೂ ಸರಿಯಾಗಿ ಬಿಡಿಸಲಿಲ್ಲ, ಒಂಟಿಯಾಗಿ ಬಿಡಿಸಿದ ಹೆಣ್ಣುಮಕ್ಕಳೆಲ್ಲರೂ ಬಿಡಿಸಿದರು. ಅವರ ಸಂಖ್ಯೆ ಕಡಿಮೆ ಇದ್ದದ್ದರಿಂದ ಇದನ್ನೇ ನಿಯಮ ಎನ್ನಲಾಗದು, ಆದರೂ ಕಂಪನಿಗಳು ತಲೆತಗ್ಗಿಸಿ ಓದಬೇಕಾದ ಫಲಿತಾಂಶ ಇದು. ಪದ್ಧತಿ ಬದಲಾಗಬೇಕು, ಅಭ್ಯರ್ಥಿಗೆ ಕೆಲವು ನಿಮಿಷ ಒಂಟಿಯಾಗಿ ಯೋಚಿಸಲು ಬಿಟ್ಟು ಆಮೇಲೆ ಮಾತಾಡಿಸುವ ಸಂದರ್ಶಕರೇ ನ್ಯಾಯವಾಗಿ ನಡೆದುಕೊಳ್ಳುವವರು. ಆದರೆ ನಾಳೆ ಬೆಳಿಗ್ಗೆ ಸಂದರ್ಶನ ಇರುವವರಿಗೆ ಪದ್ಧತಿ ಬದಲಾಗುವವರೆಗೆ ಕಾಯಲಾಗದು. ಅವರಿಗೆ ಈ ಅಧ್ಯಯನ ಹೇಳುವುದು ಇಷ್ಟು: ಕೋಣೆಯಲ್ಲಿ ಮೌನವಾಗಿ ಸಮಸ್ಯೆ ಬಿಡಿಸುವ ಅಭ್ಯಾಸ ಎಷ್ಟು ಮಾಡಿದರೂ, ಇನ್ನೊಬ್ಬರ ಎದುರು ಬಿಡಿಸುವುದು ಬೇರೆಯೇ ಕೆಲಸ, ಅದಕ್ಕೆ ಬೇರೆಯೇ ಅಭ್ಯಾಸ ಬೇಕು. ಗೆಳೆಯರ ಎದುರು ಗಡಿಯಾರ ಇಟ್ಟು ಮಾಡಿದ ಹತ್ತು ಮಾಕ್ ಇಂಟರ್‌ವ್ಯೂಗಳು ಆ ಭಯದ ಅಂಚನ್ನು ಮೊಂಡು ಮಾಡುತ್ತವೆ. ‘ಎರಡು ನಿಮಿಷ ಯೋಚಿಸುತ್ತೇನೆ, ಆಮೇಲೆ ಹೇಳುತ್ತೇನೆ’ ಎಂದು ಕೇಳಿಕೊಳ್ಳುವುದಕ್ಕೆ ಎಲ್ಲೂ ನಿಷೇಧವಿಲ್ಲ. ಮೌನಕ್ಕೆ ಮುಂಚೆ ಕಾರಣ ಹೇಳಿದರೆ ಅದು ತಡವರಿಕೆಯಾಗಿ ಕಾಣುವುದಿಲ್ಲ. ಸಂದರ್ಶಕರು ಸುಳಿವು ಕೊಟ್ಟಾಗ ಅದನ್ನು ಸೋಲೆಂದು ಬಗೆಯದೆ ಕೈಚಾಚಿ ತೆಗೆದುಕೊಳ್ಳಬೇಕು. ಸುಳಿವನ್ನು ಹೇಗೆ ಬಳಸಿಕೊಂಡರು ಎಂಬುದೂ ವರದಿಯ ಒಂದು ಸಾಲು.

ಭಾಷೆಯ ಹೊರೆ ಇದರ ಜೊತೆಗೇ ಬರುವಂಥದು, ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗಂತೂ ಅದು ದುಪ್ಪಟ್ಟು. ಯೋಚನೆ ಕನ್ನಡದಲ್ಲಿ ಸಾಗುತ್ತದೆ, ಹೇಳಬೇಕಾದದ್ದು ಇಂಗ್ಲಿಷಿನಲ್ಲಿ. ಪದ ಹುಡುಕುವಷ್ಟರಲ್ಲಿ ಯೋಚನೆಯ ಎಳೆ ಕೈತಪ್ಪುತ್ತದೆ. ಇದನ್ನು ಬುದ್ಧಿಯ ಕೊರತೆ ಎಂದು ಓದುವ ಸಂದರ್ಶಕರು ತಪ್ಪು ಮಾಡುತ್ತಾರೆ, ತಾನೇ ಹಾಗೆ ನಂಬಿಕೊಂಡ ಅಭ್ಯರ್ಥಿ ಅದಕ್ಕಿಂತ ದೊಡ್ಡ ತಪ್ಪು ಮಾಡುತ್ತಾರೆ. ಕೋಡಿಂಗ್ ಸಂದರ್ಶನಕ್ಕೆ ಬೇಕಾದ ಇಂಗ್ಲಿಷ್ ಬಹಳ ಇಕ್ಕಟ್ಟಾದದ್ದು. ಇದನ್ನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ, ಸರಿಯೇ; ಸರಳವಾದ ದಾರಿ ಇದು, ಇಷ್ಟು ಸಮಯ ಹಿಡಿಯುತ್ತದೆ; ಇಲ್ಲಿ ಒಂದೇ ಕೆಲಸ ಎರಡು ಸಲ ನಡೆಯುತ್ತಿದೆ; ಈ ಉದಾಹರಣೆಯನ್ನು ಓಡಿಸಿ ನೋಡುತ್ತೇನೆ. ಇಂಥ ಇಪ್ಪತ್ತು ಮೂವತ್ತು ವಾಕ್ಯಗಳು ನಾಲಿಗೆಯ ಮೇಲೆ ನಿಂತರೆ ಮುಕ್ಕಾಲು ಪಾಲು ಕೆಲಸ ಆದಂತೆ. ಅದಕ್ಕೂ ಮೊದಲ ಹೆಜ್ಜೆ ಕನ್ನಡದಲ್ಲೇ ಆಗಬೇಕು. ರೂಮ್‌ಮೇಟ್‌ಗೆ ಒಂದು ಪರಿಹಾರವನ್ನು ‘ನೋಡು, ಇಲ್ಲಿ ಸ್ಟ್ಯಾಕ್ ಯಾಕೆ ಬೇಕು ಅಂದ್ರೆ’ ಎಂದು ಕನ್ನಡದಲ್ಲಿ ಪೂರ್ತಿ ಬಿಡಿಸಿ ಹೇಳಲು ಬಂದರೆ ವಿಷಯ ಅರ್ಥವಾಗಿದೆ ಎಂದು ಅರ್ಥ. ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಹೇಳುವುದು ಎರಡನೆಯ, ಹಗುರವಾದ ಕೆಲಸ. ಅರ್ಥವಾಗದ್ದನ್ನು ನೇರವಾಗಿ ಇಂಗ್ಲಿಷಿನಲ್ಲಿ ಹೇಳಲು ಹೋದಾಗಲೇ ಎರಡೂ ಕೆಡುವುದು.

ದಿನನಿತ್ಯದ ಕೆಲಸಕ್ಕೂ ಈ ಪರೀಕ್ಷೆಗೂ ಏನು ಸಂಬಂಧ ಎಂಬುದು ಹಳೆಯ ದೂರು. ಮ್ಯಾಕ್ ಬಳಸುವ ಪ್ರೋಗ್ರಾಮರುಗಳ ನಡುವೆ ಮನೆಮಾತಾದ ಹೋಮ್‌ಬ್ರೂ ಎಂಬ ಸಾಧನವನ್ನು ಕಟ್ಟಿದ ಮ್ಯಾಕ್ಸ್ ಹೋವೆಲ್ ಅವರಿಗೆ ಗೂಗಲ್ ಕೆಲಸ ನಿರಾಕರಿಸಿದಾಗ, 2015ರಲ್ಲಿ ಅವರು ಟ್ವಿಟರ್‌ನಲ್ಲಿ ಹೊರಹಾಕಿದ ಸಿಟ್ಟು ಈ ದೂರಿನ ಸಂಕೇತವೇ ಆಯಿತು: ನಾನು ಬರೆದ ಸಾಫ್ಟ್‌ವೇರನ್ನು ನಿಮ್ಮವರೇ ಬಳಸುತ್ತಾರೆ, ಆದರೂ ಬೋರ್ಡಿನ ಮೇಲೆ ಬೈನರಿ ಟ್ರೀ ತಿರುಗಿಸಲಾಗದ್ದಕ್ಕೆ ನಾನು ಬೇಡವಾದೆ ಎಂಬುದು ಅದರ ಸಾರ. ದೂರಿನಲ್ಲಿ ಸತ್ಯವಿದೆ. ಹಳೆಯ ಕೋಡ್ ಓದುವುದು, ಹಲವು ತಿಂಗಳು ಒಂದು ವ್ಯವಸ್ಥೆಯನ್ನು ಕಾಪಾಡುವುದು, ಬಳಸುವವರ ಕಷ್ಟ ಅರಿಯುವುದು ಇವು ಯಾವುವೂ ಮುಕ್ಕಾಲು ಗಂಟೆಯಲ್ಲಿ ಕಾಣುವುದಿಲ್ಲ. ಹಾಗೆಂದು ಪರೀಕ್ಷೆಯನ್ನೇ ಕೈಬಿಟ್ಟು ಹರಟೆಯ ಸಂದರ್ಶನಕ್ಕೆ ಮರಳಿದರೆ ನ್ಯಾಯ ಇನ್ನೂ ಕಡಿಮೆಯಾಗುತ್ತದೆ. ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ 1998ರಲ್ಲಿ ಎಂಬತ್ತೈದು ವರ್ಷಗಳ ಸಂಶೋಧನೆಯನ್ನು ಒಟ್ಟುಹಾಕಿದಾಗಲೂ, ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು 2022ರಲ್ಲಿ ಅದೇ ಲೆಕ್ಕವನ್ನು ತಿದ್ದಿ ಹೆಚ್ಚಿನ ಅಂಕಿಗಳನ್ನು ಕೆಳಗಿಳಿಸಿದಾಗಲೂ ಒಂದು ಮಾತು ಬದಲಾಗಲಿಲ್ಲ: ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಅಳತೆಗೋಲು ಇರುವ ಸಂದರ್ಶನ, ಮನಸ್ಸಿಗೆ ಬಂದಂತೆ ಮಾತಾಡಿಸುವ ಸಂದರ್ಶನಕ್ಕಿಂತ ಮುಂದಿನ ಕೆಲಸವನ್ನು ಬಹಳ ಚೆನ್ನಾಗಿ ಊಹಿಸುತ್ತದೆ. 2022ರ ಲೆಕ್ಕದಲ್ಲಿ ಊಹೆಗೂ ನಿಜಕ್ಕೂ ಇರುವ ಹೊಂದಿಕೆಯ ಗುಣಾಂಕ ಮೊದಲನೆಯದಕ್ಕೆ 0.42, ಎರಡನೆಯದಕ್ಕೆ 0.19. ಹರಟೆಯಲ್ಲಿ ಗೆಲ್ಲುವುದು ದೊಡ್ಡ ಊರಿನ ಉಡುಗೆ, ಉಚ್ಚಾರಣೆ, ಪರಿಚಯ. ರಾಯಚೂರಿನ ಅಥವಾ ಚಾಮರಾಜನಗರದ ಸಣ್ಣ ಕಾಲೇಜಿನಿಂದ ಬಂದವರಿಗೆ, ದೋಷಗಳೆಲ್ಲ ಇದ್ದೂ, ಎಲ್ಲರಿಗೂ ಒಂದೇ ಆದ ಸಮಸ್ಯೆಯೇ ಹೆಚ್ಚು ಸಮನಾದ ನೆಲ.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಎದ್ದ ಹೊಸ ಆಕ್ಷೇಪ, ಯಂತ್ರವೇ ಕ್ಷಣದಲ್ಲಿ ಬರೆದುಕೊಡುವುದನ್ನು ಮನುಷ್ಯರಿಂದ ಏಕೆ ಬರೆಸಬೇಕು ಎಂಬುದು. ಕಂಪನಿಗಳು ಎರಡು ದಿಕ್ಕಿನಲ್ಲಿ ಸಾಗಿವೆ. ಕದ್ದು ಎಐ ಬಳಸುವುದನ್ನು ತಡೆಯಲು ಕನಿಷ್ಠ ಒಂದು ಸುತ್ತನ್ನಾದರೂ ಮತ್ತೆ ಮುಖಾಮುಖಿ ನಡೆಸುವುದಾಗಿ ಗೂಗಲ್‌ನ ಸುಂದರ್ ಪಿಚೈ 2025ರಲ್ಲಿ ಹೇಳಿದರು. ಅದೇ ವರ್ಷ ಆಸ್ಟ್ರೇಲಿಯಾದ ಕ್ಯಾನ್ವಾ ಕಂಪನಿ, ತನ್ನ ಸಂದರ್ಶನಗಳಲ್ಲಿ ಎಐ ಬಳಸಿಯೇ ಕೆಲಸ ಮಾಡಿ ತೋರಿಸಬೇಕೆಂದು ನಿಯಮ ಬದಲಿಸಿತು. ಎರಡೂ ದಿಕ್ಕಿನಲ್ಲಿ ಉಳಿಯುವ ಬೇಡಿಕೆ ಒಂದೇ. ಯಂತ್ರ ಕೊಟ್ಟ ಬೈನರಿ ಸರ್ಚ್‌ನಲ್ಲಿ ಮೊತ್ತ ಮಿತಿ ಮೀರುತ್ತದೆಯೇ, ಖಾಲಿ ಪಟ್ಟಿಗೆ ಅದು ಏನು ಮಾಡುತ್ತದೆ, ಒಂದು ಲಕ್ಷ ಸಂಖ್ಯೆಗಳಿಗೆ ಅದು ಓಡುತ್ತದೆಯೇ ಎಂದು ನೋಡಿ ಹೇಳಬಲ್ಲವರು ಬೇಕು. ಉರು ಹೊಡೆದ ಪರಿಹಾರದ ಬೆಲೆ ಬಿದ್ದಿದೆ, ಕಾರಣ ಹೇಳುವ ಶಕ್ತಿಯ ಬೆಲೆ ಏರಿದೆ. ಗುಟ್ಟಾಗಿ ಪರದೆಯ ಮೂಲೆಯಲ್ಲಿ ಉತ್ತರ ಓದುತ್ತ ದಾಟಿಕೊಂಡವರು ಕೆಲಸದ ಮೊದಲ ವಾರಗಳಲ್ಲೇ ಅದೇ ಪ್ರಶ್ನೆಗಳನ್ನು ಇನ್ನೊಮ್ಮೆ ಎದುರಿಸುತ್ತಾರೆ.

ಇಷ್ಟೆಲ್ಲ ತಯಾರಿಯಾದರೂ ಒಂದು ಸಂದರ್ಶನದ ಫಲಿತಾಂಶದಲ್ಲಿ ಅದೃಷ್ಟದ ಪಾಲು ಉಳಿದೇ ಉಳಿಯುತ್ತದೆ. ಗೂಗಲ್ ತನ್ನದೇ ದಾಖಲೆಗಳನ್ನು ಪರಿಶೀಲಿಸಿದಾಗ, ಒಬ್ಬರ ಬಗ್ಗೆ ಶೇ 86ರ ಭರವಸೆಯಿಂದ ತೀರ್ಮಾನಿಸಲು ನಾಲ್ಕು ಸಂದರ್ಶನಗಳು ಸಾಕು, ಅದಕ್ಕಿಂತ ಹೆಚ್ಚು ನಡೆಸಿದರೆ ಲಾಭ ಅತ್ಯಲ್ಪ ಎಂದು ಕಂಡುಬಂತು. ಅದನ್ನೇ ಅಭ್ಯರ್ಥಿಯ ಕಡೆಯಿಂದ ಓದಿದರೆ, ನಾಲ್ವರು ನೋಡಿ ಹೇಳಿದ ಮೇಲೂ ತೀರ್ಪು ತಪ್ಪಾಗುವ ಸಂಭವ ಉಳಿದಿರುತ್ತದೆ. ಒಬ್ಬರೇ ಒಂದು ಬೆಳಿಗ್ಗೆ ನೋಡಿ ಹೇಳಿದ್ದರಲ್ಲಂತೂ ಇನ್ನೂ ಹೆಚ್ಚು. ಆದ್ದರಿಂದ ‘ಆಗಲಿಲ್ಲ’ ಎಂಬ ಇಮೇಲ್ ಬಂದ ದಿನ ಮಾಡಬೇಕಾದ ಕೆಲಸ ಒಂದೇ: ಸಮಸ್ಯೆ ಇನ್ನೂ ನೆನಪಿನಲ್ಲಿರುವಾಗಲೇ ಅದನ್ನು ಕಾಗದದ ಮೇಲೆ ಬರೆದುಕೊಂಡು, ಗಡಿಯಾರವಿಲ್ಲದೆ, ಕೊನೆಯವರೆಗೆ ಬಿಡಿಸುವುದು. ತಾವು ನಿರಾಕರಿಸಿದವರಿಂದ ಮತ್ತೆ ಅರ್ಜಿ ತೆಗೆದುಕೊಳ್ಳಲು ಹೆಚ್ಚಿನ ಕಂಪನಿಗಳು ಕೇಳುವ ಅವಧಿ ಆರು ತಿಂಗಳಿಂದ ಒಂದು ವರ್ಷ.